ಮಧುಗಿರಿಯಲ್ಲಿ ಬೆರೆಸಿದ ಬಾಟಲಿ ಹಾಲು

ಮೊಬೈಲಿಗೆ ಆ ಸಂದೇಶ ಬಂದಾಗ ನಾನು ಒಂದು ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಪಾವಗಡದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಮಗುವನ್ನು ದತ್ತು ಪಡೆಯಲು ನಾವು ಅರ್ಜಿ ಹಾಕಿ ಮೂರು ವರ್ಷ ದಾಟಿತ್ತು. ಮೊದಮೊದಲು ದಿನಕ್ಕೆ ನಾಲ್ಕು ಸಲ ಮೊಬೈಲ್ ತೆಗೆದು ನೋಡುತ್ತಿದ್ದವಳು ಕೊನೆಕೊನೆಗೆ ನೋಡುವುದನ್ನೇ ಬಿಟ್ಟಿದ್ದೆ. ಅವತ್ತು ಯಾರೋ ಗಿರಾಕಿ ಅಳತೆ ಕಳಿಸಿರಬೇಕು ಎಂದುಕೊಂಡು ತೆರೆದರೆ ಒಂದು ಫೋಟೊ. ಎರಡೂವರೆ ತಿಂಗಳ ಹೆಣ್ಣು ಮಗು. ಹಳದಿ ಟೋಪಿ, ಗಲ್ಲಕ್ಕೊತ್ತಿದ ಮುಷ್ಟಿ, ಯಾರ ಮೇಲೋ ಅನುಮಾನ ಪಟ್ಟಂತೆ ಅರ್ಧ ಮುಚ್ಚಿದ ಒಂದು ಕಣ್ಣು. ಮಿಷನ್ನಿನ ಪೆಡಲಿನಿಂದ ಕಾಲು ತೆಗೆಯುವುದೇ ಮರೆತು ಹೋಗಿ ಹೊಲಿಗೆ ತೋಳು ದಾಟಿ ಕೊರಳಿನವರೆಗೂ ಓಡಿತ್ತು.

ನನ್ನ ಗಂಡ ತಿರುಮಣಿ ಎಂಬ ಊರಿನ ಹತ್ತಿರದ ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ರಿಪೇರಿ ಮಾಡುವ ಕೆಲಸದಲ್ಲಿದ್ದರು. ಫೋನ್ ಮಾಡಿ ಹಲೋ ಕೂಡ ಅನ್ನದೆ "ಹೆಣ್ಣು ಮಗು" ಎಂದೆ. ಗಾಳಿಯ ಸದ್ದಿನ ನಡುವೆ "ಬತ್ತಾ ಇದೀನಿ" ಅಂದರು.

"ಡ್ಯೂಟಿ?"

"ಡ್ಯೂಟಿ ಎಲ್ಲಿಗೂ ಓಡೋಗಲ್ಲ ಬುಡು."

ಒಪ್ಪಿಗೆ ಹೇಳಲು ಎರಡು ದಿನದ ಸಮಯ ಕೊಟ್ಟಿದ್ದರು. ನಾವು ಎರಡು ಗಂಟೆಯನ್ನೂ ತೆಗೆದುಕೊಳ್ಳಲಿಲ್ಲ.

ಮಗು ಇದ್ದದ್ದು ತುಮಕೂರಿನಿಂದಾಚೆ ಒಂದು ಊರಿನ ಶಿಶುಗೃಹದಲ್ಲಿ. ಮೊದಲ ಸಲ ನೋಡಲು ಹೋದಾಗ ಅಲ್ಲಿನ ನರ್ಸಮ್ಮ ನಮ್ಮನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಐವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. "ಮಗು ಎತ್ಕೊಳ್ಳೋದು ಆಮೇಲೆ. ಮೊದ್ಲು ಕೈ ತೊಳ್ಕೊಳ್ಳಿ, ಮೊಣಕೈವರೆಗೂ" ಎಂದರು. ತೊಳೆದುಕೊಂಡೆವು. ಆಮೇಲೂ ಮಗುವನ್ನು ಕೊಡಲಿಲ್ಲ. ಅಡುಗೆಮನೆಗೆ ಕರೆದುಕೊಂಡು ಹೋಗಿ ಒಲೆಯ ಮುಂದೆ ನಿಲ್ಲಿಸಿದರು. "ಈ ಮಗು ಡಬ್ಬಿ ಹಾಲಿನ ಮೇಲೆ ಬೆಳೀತಿರೋದು. ಅದನ್ನ ಸರಿಯಾಗಿ ಬೆರೆಸೋಕೆ ಬಂದ್ರೆ ಅರ್ಧ ತಾಯಿ ಆದಂಗೆ."

ನಾನು ಬ್ಯಾಗಿನಿಂದ ನನ್ನ ಅಳತೆ ಪುಸ್ತಕ ತೆಗೆದು, ಯಾರದೋ ಸೊಂಟದ ಸುತ್ತಳತೆಯ ಕೆಳಗೆ, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಬಾಟಲಿ, ನಿಪ್ಪಲ್ಲು, ಮುಚ್ಚಳ ಎಲ್ಲ ಬಿಡಿಸಿ, ಸೋಪು ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಆಮೇಲೆ ಪೂರಾ ಮುಳುಗುವಷ್ಟು ನೀರಲ್ಲಿ ಹತ್ತು ನಿಮಿಷ ಕುದಿಸಬೇಕು. ಕುಡಿಯುವ ನೀರನ್ನು ಬೇರೆಯಾಗಿ ಕುದಿಸಿ, ಬಿಸಿ ಇರುವಾಗಲೇ ಬಾಟಲಿಗೆ ಹಾಕಬೇಕು. ಮೊದಲು ನೀರು, ಆಮೇಲೆ ಪುಡಿ. ನಮ್ಮ ಡಬ್ಬಿಯ ಲೆಕ್ಕದಲ್ಲಿ ನೂರಿಪ್ಪತ್ತು ಎಂ.ಎಲ್. ನೀರಿಗೆ ನಾಲ್ಕು ಚಮಚ. ಚಮಚ ಗೋಪುರ ಕಟ್ಟಬಾರದು, ಒತ್ತಿ ತುಂಬಬಾರದು, ಒಣಗಿದ ಶುಭ್ರ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಬೇಕು.

"ಬಿಸಿ ನೀರೇ ಯಾಕೆ ಸಿಸ್ಟರ್? ಆರಿದ್ಮೇಲೆ ಬೆರೆಸಿದ್ರೆ ಆಗಲ್ವಾ?" ನನ್ನ ಗಂಡ ಕೇಳಿದರು.

"ಪುಡೀಲೇ ಕ್ರಿಮಿ ಇರಬಹುದು. ಕುದಿಸಿದ ನೀರಿನ ಬಿಸಿಗೇ ಅವು ಸಾಯೋದು. ಬೆರೆಸಿ, ಆಮೇಲೆ ತಣ್ಣೀರಲ್ಲಿಟ್ಟು ಆರಿಸಿ. ಮಗು ಬಾಯಿಟ್ಟ ಬಾಟ್ಲಿ ಒಂದು ಗಂಟೆ ಅಷ್ಟೇ. ಮಿಕ್ಕಿದ್ದು ಚೆಲ್ಲಿ. ಇನ್ನೊಂದ್ಸಲ ಕಾಯ್ಸಿ ಕೊಡೋ ಯೋಚ್ನೇನೇ ಬೇಡ."

ಆಮೇಲೆ ನಾವು ಯಾವ ಊರಿನವರು ಎಂದು ಕೇಳಿದರು. ಪಾವಗಡ ಎಂದ ಕೂಡಲೆ ತಲೆಯೆತ್ತಿದರು. "ಬೋರ್‌ವೆಲ್ ನೀರು ಬೇಡ. ನಿಮ್ಮ ಕಡೆ ಫ್ಲೋರೈಡ್ ಜಾಸ್ತಿ, ಕುದಿಸಿದ್ರೂ ಅದು ಹೋಗಲ್ಲ. ಫಿಲ್ಟರ್ ನೀರು ತಂದು ಅದನ್ನೇ ಕುದಿಸಿ." ಅಷ್ಟಾದ ಮೇಲೆ ಒಂದು ಬಾಟಲಿ ನನ್ನ ಕೈಯಿಂದಲೇ ಬೆರೆಸಿಸಿದರು, ಮುಂಗೈ ಒಳಗೆ ಎರಡು ಹನಿ ಬಿಟ್ಟು ತೋರಿಸಿದರು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಮೈಮೇಲೆ ಏನೋ ಬಿದ್ದಿದೆ ಎಂಬುದು ಗೊತ್ತಾಗದಷ್ಟು ಬೆಚ್ಚಗೆ. ಆಗ ಮಗುವನ್ನು ತಂದು ತೊಡೆಯ ಮೇಲಿಟ್ಟರು. ಫೋಟೊದಲ್ಲಿ ನೋಡಿದ್ದ ಅದೇ ಅನುಮಾನದ ಕಣ್ಣು. ನಾನು ಬಾಟಲಿ ಹಿಡಿದಾಗ ನಿಪ್ಪಲ್ಲು ಮೊದಲು ಅವಳ ಮೂಗಿಗೆ ತಾಗಿತು.

ಮಗುವನ್ನು ಮನೆಗೆ ಕರೆದೊಯ್ಯುವ ಆದೇಶ ಪತ್ರ ಕೈಗೆ ಬರಲು ಇನ್ನೂ ಎರಡು ವಾರ ಇತ್ತು. ಆ ಎರಡು ವಾರ ನಮ್ಮ ಮನೆಯಲ್ಲಿ ಯಾರಿಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸುದ್ದಿ ಹೋದ ಮರುದಿನವೇ ಅತ್ತೆ ಶಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯ ತಮ್ಮ ಹಳ್ಳಿಯಿಂದ ಗಂಟು ಕಟ್ಟಿಕೊಂಡು ಬಂದಿಳಿದರು. ಹುಟ್ಟಿದಾಗಿನಿಂದ ಕುರಿಗಳ ಜೊತೆ ಬೆಳೆದವರು, ಎಮ್ಮೆ ಹಾಲು ಮಾರಿ ಮನೆ ನಡೆಸಿದವರು. ದತ್ತು ಎಂದಾಗ ಮೂರು ವರ್ಷದ ಹಿಂದೆ ಒಂದು ವಾರ ಮಾತು ಬಿಟ್ಟಿದ್ದವರು, ಈಗ ಫೋಟೊ ನೋಡಿ "ಥೇಟ್ ನಮ್ಮವ್ವನ ಹಣೆ" ಎಂದು ತೀರ್ಮಾನ ಕೊಟ್ಟುಬಿಟ್ಟರು.

ನಾವು ದಿನಾ ಸಂಜೆ ಅಭ್ಯಾಸ ಮಾಡುತ್ತಿದ್ದೆವು. ಹಾಲಿನ ಪುಡಿಯನ್ನು ಹಾಳು ಮಾಡಬಾರದೆಂದು ರಾಗಿ ಹಿಟ್ಟು, ಒಂದು ಹಳೆಯ ಚಮಚ, ಒಂದು ಲೋಟ. ಗಂಡ ಚಮಚ ಮಟ್ಟ ಮಾಡಲು ಹೋಗಿ ಅರ್ಧ ಹಿಟ್ಟನ್ನು ಅಂಗಿಗೆ ಸುರಿದುಕೊಳ್ಳುವರು. ನನಗೆ ಬಟ್ಟೆ ಕತ್ತರಿಸುವ ಕೈ, ಎರಡನೇ ದಿನಕ್ಕೇ ಕೂದಲೆಳೆಯ ವ್ಯತ್ಯಾಸವಿಲ್ಲದೆ ಬಂತು. ಅತ್ತೆ ಗೋಡೆಗೊರಗಿ ಕೂತು ನೋಡುತ್ತಿದ್ದರು.

"ಅದೇನು ಚಮಚವ ಬಳ್ಕೊಂಡು ಬಳ್ಕೊಂಡು ಆಕ್ತೀಯಾ. ತುಂಬ ಆಕು. ಮಗೀಗೆ ಹೊಟ್ಟೆ ತುಂಬ್ಬೇಡ್ವಾ?"

"ಗಟ್ಟಿ ಆದ್ರೆ ಹೊಟ್ಟೆ ಕಟ್ಕೊಳ್ಳುತ್ತಂತೆ ಅತ್ತೆ. ನೀರಾದ್ರೆ ಮೈ ಹಿಡಿಯಲ್ವಂತೆ. ಅಳತೆ ಅಂದ್ರೆ ಅಳತೇನೇ."

"ನಾನೂ ಮೂರು ಮಕ್ಕಳ್ನ, ಲೆಕ್ಕ ಇಲ್ದಷ್ಟು ಕುರಿಮರೀನ ಸಾಕಿವ್ನಿ ಕಣಮ್ಮ. ಚಾಕು ತಗೊಂಡು ಯಾವತ್ತೂ ಹಾಲು ಕುಯ್ಯಲಿಲ್ಲ" ಎಂದು ನಕ್ಕರು. ನಗು ಇತ್ತು, ಆದರೆ ನನ್ನ ಮಾತು ಅವರಿಗೆ ಒಪ್ಪಿಗೆಯಾಗಿರಲಿಲ್ಲ.

ಕರೆತರುವ ದಿನ ಬಂತು. ಗಂಡನ ಜೊತೆ ಕೆಲಸ ಮಾಡುವ, ತಿರುಮಣಿ ಊರಿನ ಸ್ನೇಹಿತರೊಬ್ಬರು ತಮ್ಮ ಕಾರು ತಂದಿದ್ದರು. ಅತ್ತೆಯೂ ಸೇರಿ ನಾವು ಮೂವರು ಬೆಳಗ್ಗೆ ನಾಲ್ಕಕ್ಕೇ ಎದ್ದು ಆರಕ್ಕೆ ಹೊರಟೆವು. ನರ್ಸಮ್ಮ ಹೇಳಿದಂತೆ ಕುದಿಸಿ ಮುಚ್ಚಿಟ್ಟ ಮೂರು ಬಾಟಲಿ, ಒಂದೊಂದು ಹೊತ್ತಿಗೆ ಅಳೆದ ಪುಡಿ ತುಂಬಿದ ಮೂರು ಒಣ ಡಬ್ಬಿ, ಬಾಟಲಿಯನ್ನು ಆರಿಸಲು ತಣ್ಣೀರು ಮತ್ತು ಒಂದು ಸ್ಟೀಲ್ ಬಟ್ಟಲು, ಎಲ್ಲ ನನ್ನ ಬ್ಯಾಗಿನಲ್ಲಿತ್ತು. ಬೆರೆಸಿದ ಹಾಲನ್ನು ಹೊತ್ತು ತಿರುಗಬಾರದು, ನೀರು ಬೇರೆ, ಪುಡಿ ಬೇರೆ ಇರಬೇಕು ಎಂದು ಅವರು ಎರಡೆರಡು ಸಲ ಹೇಳಿದ್ದರು. ಶಿಶುಗೃಹದಲ್ಲಿ ಸಹಿಗಳೆಲ್ಲ ಮುಗಿದ ಮೇಲೆ ಅವರೇ ನಮ್ಮ ಫ್ಲಾಸ್ಕಿಗೆ ಕುದಿಯುವ ನೀರು ತುಂಬಿಸಿ, ಮಗುವಿನ ಹಣೆಗೆ ಕಾಡಿಗೆ ಚುಕ್ಕಿ ಇಟ್ಟು ಒಳಗೆ ಹೋದರು.

ಕಾರು ಓಡಿಸುತ್ತಿದ್ದ ಸ್ನೇಹಿತರು ಬರುವಾಗ ಎಂಬತ್ತರಲ್ಲಿ ಬಂದವರು, ಹಿಂತಿರುಗುವಾಗ ಎತ್ತಿನ ಗಾಡಿಯೂ ನಮ್ಮನ್ನು ಹಿಂದೆ ಹಾಕುವ ಹಾಗೆ ಓಡಿಸಿದರು. "ಸ್ವಲ್ಪ ಬೇಗ ಹೋಗೋಣಣ್ಣ" ಎಂದರೆ, "ಪಾಪ ಉಂದಿ ಕದಕ್ಕಾ, ಮಗು ಐತಲ್ಲ, ಮೆಲ್ಲಗೆ ಹೋಗೋಣ" ಎಂದು ತಮ್ಮ ಅರ್ಧ ತೆಲುಗಿನಲ್ಲಿ ಉತ್ತರ ಕೊಟ್ಟರು. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅವಳು. ಅವಳ ಒಂದೊಂದು ಉಸಿರಿಗೂ ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ಸೀನಿದಳು ಎಂದರೆ ಕಾರೇ ನಿಲ್ಲುತ್ತಿತ್ತು.

ಕೊರಟಗೆರೆ ದಾಟಿದ ಮೇಲೆ ಒಂದು ಹುಣಸೆ ಮರದ ನೆರಳಲ್ಲಿ ನಿಲ್ಲಿಸಿ ಮೊದಲ ಬಾಟಲಿ ಬೆರೆಸಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಆದರೆ ಅವಳು ಅರ್ಧ ಕುಡಿದು, ಕೆಮ್ಮಿ, ಒಂದಿಷ್ಟು ಕಕ್ಕಿ, ಮುಖ ತಿರುಗಿಸಿ ನಿದ್ದೆ ಹೋದಳು. ಅದೇ ಹೊತ್ತಿಗೆ ಕಾರಿನ ಬಾನೆಟ್ ಮೇಲೆ ಗಂಡ ಇಟ್ಟಿದ್ದ ಫ್ಲಾಸ್ಕು ಜಾರಿ ಬಿತ್ತು. ಎತ್ತಿ ಅಲ್ಲಾಡಿಸಿದರೆ ಒಳಗೆ ಗಾಜಿನ ಚೂರುಗಳ ಸದ್ದು. ಅವರ ಮುಖ ನೋಡಿ ನನಗೆ ಬೈಯಲೂ ಮನಸ್ಸಾಗಲಿಲ್ಲ. ಮಧುಗಿರಿಯಲ್ಲಿ ಬಿಸಿ ನೀರು ಸಿಕ್ಕೇ ಸಿಗುತ್ತದೆ ಎಂದು ಹೊರಟೆವು.

ಹದಿನೆಂಟು ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಗಂಟೆ. ಮಧುಗಿರಿ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಅವಳಿಗೆ ಎಚ್ಚರವಾಯಿತು. ಅರ್ಧ ಹೊಟ್ಟೆಯಲ್ಲಿ ಮಲಗಿದ್ದವಳು ಈಗ ಪೂರ್ತಿ ಹೊಟ್ಟೆಯಿಂದ ಅಳತೊಡಗಿದಳು. ಅಷ್ಟು ಸಣ್ಣ ಬಾಯಿಂದ ಅಷ್ಟು ದೊಡ್ಡ ಸದ್ದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಗಂಡ ಇಳಿದು ಟೀ ಅಂಗಡಿಗೆ ಓಡಿದರು, ಅಷ್ಟೇ ಬೇಗ ವಾಪಸ್ ಬಂದರು. "ಅದೇ ಪಾತ್ರೇಲಿ ಹಾಲೂ ಕಾಯ್ಸ್ತಾವ್ರೆ, ಗ್ಲಾಸೂ ಅದ್ದುತಾವ್ರೆ. ಬ್ಯಾಡ."

ಆಗ ಅತ್ತೆ ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಿದ್ದ, ಹುಣಸೆ ಮರದ ಕೆಳಗೆ ಮಿಕ್ಕಿದ್ದ ಬಾಟಲಿ ಹೊರತೆಗೆದರು. "ಇದ್ರಾಗೆ ಅರ್ಧ ಐತಲ್ಲ. ಕೊಟ್ಬುಡು."

"ಅದು ಬೇಡ ಅತ್ತೆ. ಗಂಟೆ ದಾಟಿದೆ. ಅವಳ ಎಂಜಲು ಸೇರಿದೆ, ಈ ಬಿಸಿಲಲ್ಲಿ ಕೆಟ್ಟಿರುತ್ತೆ."

"ಮೂಸಿ ನೋಡು. ಏನೂ ಆಗಿಲ್ಲ."

"ವಾಸನೆ ಬರೋದ್ರೊಳಗೇ ಕೆಡುತ್ತಂತೆ."

"ಮಗು ಇಂಗೆ ಅಳ್ತಾ ಐತೆ, ನೀನು ಪುಸ್ತಕ ಓದ್ತೀಯಲ್ಲಮ್ಮ."

ನಾನು ಅವರ ಕೈಯಿಂದ ಬಾಟಲಿ ತೆಗೆದುಕೊಂಡು, ಮುಚ್ಚಳ ತಿರುಗಿಸಿ, ಕಿಟಕಿಯಿಂದಾಚೆ ಚರಂಡಿಗೆ ಚೆಲ್ಲಿದೆ. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅತ್ತೆಯ ಮಾತನ್ನು ಅವರ ಕಣ್ಣೆದುರೇ ಮೀರಿದ್ದು ಅದೇ ಮೊದಲು. ಅವರು ಬಿಳಿ ಹಾಲು ಚರಂಡಿಯಲ್ಲಿ ಹರಿದುಹೋಗುವುದನ್ನೇ ನೋಡುತ್ತಿದ್ದರು. ಹಾಲು ಮಾರಿ ಬದುಕಿದ ಮನೆಯ ಹೆಂಗಸಿನ ಮುಂದೆ ಹಾಲು ಚೆಲ್ಲಿದ್ದೇನೆ ಎಂಬುದು ನನಗೆ ಆಗಲೇ ಗೊತ್ತಾಯಿತು. ಆದರೆ ನಿಂತು ಸಮಾಧಾನ ಹೇಳಲು ಪುರಸೊತ್ತಿರಲಿಲ್ಲ.

ತಟ್ಟನೆ ನನಗೆ ದಾರದ ಅಂಗಡಿ ನೆನಪಾಯಿತು. ನನ್ನ ತವರು ಕೊಡಿಗೇನಹಳ್ಳಿ. ಹೊಲಿಗೆ ಕಲಿಯುತ್ತಿದ್ದ ದಿನಗಳಿಂದಲೂ ಲೈನಿಂಗ್ ಬಟ್ಟೆ, ಹುಕ್ಕು, ದಾರ ಎಲ್ಲ ತರುತ್ತಿದ್ದದ್ದು ಮಧುಗಿರಿಯ ಆ ಒಂದು ಅಂಗಡಿಯಿಂದಲೇ. ಶಿರಾದಿಂದ ಬಂದು ನೆಲೆಸಿದ ಮುಸ್ಲಿಂ ದಂಪತಿಯದು. ಕೆಳಗೆ ಅಂಗಡಿ, ಮೇಲೆ ಮನೆ. ಅವರನ್ನು ಚಾಚಾ, ಚಾಚಿ ಎಂದೇ ಕರೆಯುತ್ತಿದ್ದೆ. ಮಗುವನ್ನು ಎದೆಗೆ ಒತ್ತಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದೆ. ಚಾಚಾ ಕನ್ನಡಕ ಮೇಲೆ ಮಾಡಿ ನೋಡಿದರು.

"ಯಾರ ಮಗೂನಮ್ಮ?"

"ನಮ್ದೇ ಚಾಚಾ."

ಹೇಳಿದ ಮೇಲೆಯೇ ಆ ಮಾತು ನನಗೆ ಕೇಳಿಸಿದ್ದು. ಕಾಗದಕ್ಕೆ ಹತ್ತು ಕಡೆ ಸಹಿ ಹಾಕಿದ್ದೆ, ಆದರೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಚಾಚಾ ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಮೆಟ್ಟಿಲ ಕಡೆ ತಿರುಗಿ ಕೂಗಿದರು: "ಅಜೀ ಸುನೋ, ಕೊಡಿಗೇನಹಳ್ಳಿ ಟೈಲರಮ್ಮ ಮಗು ಎತ್ಕೊಂಡು ಬಂದವ್ಳೆ."

ಗಂಡ, ಅತ್ತೆಯ ಜೊತೆ ಮೇಲಿನ ಮನೆಗೆ ಹೋದೆ. ಚಾಚಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಹಿಂದಿನ ವರ್ಷ ಅವರ ಮಗಳಿಗೆ ಹೆರಿಗೆಯಾದ ಮೇಲೆ ಕಾಯಿಲೆಯಾಗಿ ಮೊಮ್ಮಗನಿಗೆ ಡಬ್ಬಿ ಹಾಲನ್ನೇ ಕೊಟ್ಟಿದ್ದರಂತೆ. ಮೇಲಿನ ಕಪಾಟಿನಿಂದ ಒಂದು ಪುಟ್ಟ ಸ್ಟೀಲ್ ಪಾತ್ರೆ ತೆಗೆದರು. "ಇದ್ರಲ್ಲಿ ನೀರು ಬಿಟ್ರೆ ಏನೂ ಕಾಯ್ಸಿಲ್ಲ. ಮಸಾಲೆ ವಾಸ್ನೆ ತಾಕಿಲ್ಲ." ಅದನ್ನು ಮತ್ತೆ ತೊಳೆದು, ಕ್ಯಾನಿನ ಫಿಲ್ಟರ್ ನೀರು ಹಾಕಿ, ಒಲೆ ದೊಡ್ಡದು ಮಾಡಿದರು. ನಾನು ಮಗುವನ್ನು ಅತ್ತೆಯ ಕೈಗೆ ಕೊಟ್ಟು ಸೋಪಿನಲ್ಲಿ ಕೈ ತೊಳೆದೆ, ಮೊಣಕೈವರೆಗೂ.

ನೀರು ಕುದಿಯಲು ಅಷ್ಟು ಹೊತ್ತು ಹಿಡಿಯುತ್ತದೆ ಎಂದು ಅವತ್ತೇ ತಿಳಿದದ್ದು. ಮಗು ಅತ್ತು ಅತ್ತು ಕೆಂಪಗಾಗಿತ್ತು. ಗಂಡ ಒಲೆಯ ಹತ್ತಿರ ಬಂದು ಪಾತ್ರೆಯೊಳಗೆ ಬಗ್ಗಿ ನೋಡುವರು, ಮತ್ತೆ ಮಗುವಿನ ಹತ್ತಿರ ಹೋಗುವರು. ಕೆಳಗಿನಿಂದ ಚಾಚಾ "ಆಯ್ತಾ?" ಎಂದು ಕೂಗುವರು. ಗುಳ್ಳೆ ಎದ್ದು ಕೊತಕೊತ ಕುದಿಯತೊಡಗಿದಾಗ ಚಾಚಿ ಬೆರಳೆತ್ತಿ "ಇನ್ನೊಂದು ನಿಮಿಷ" ಎಂದರು. ಇಳಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಹಬೆಯಾಡುತ್ತಿದ್ದ ನೀರನ್ನು ಬಾಟಲಿಯ ನೂರಿಪ್ಪತ್ತರ ಗೆರೆಗೆ ಸರಿಯಾಗಿ ಹಾಕಿದೆ. ಡಬ್ಬಿಯ ಪುಡಿ ಸುರಿದು, ಮುಚ್ಚಿ, ಕುಲುಕಿದೆ. ಬಟ್ಟಲಿಗೆ ತಣ್ಣೀರು ಹಾಕಿ, ಮುಚ್ಚಳಕ್ಕೆ ನೀರು ತಾಗದಂತೆ ಬಾಟಲಿಯನ್ನು ಅದರಲ್ಲಿ ನಿಲ್ಲಿಸಿದೆ. ನೀರು ಬೆಚ್ಚಗಾಯಿತು, ಚೆಲ್ಲಿ ಮತ್ತೆ ತಣ್ಣೀರು. ಮುಂಗೈಗೆ ಎರಡು ಹನಿ. ಚುರುಕ್ ಎಂದಿತು. ಮತ್ತೆ ತಣ್ಣೀರು, ಮತ್ತೆ ಎರಡು ಹನಿ. ಮೂರನೇ ಸಲಕ್ಕೆ ಏನೂ ಗೊತ್ತಾಗಲಿಲ್ಲ. ಸರಿಯಾಗಿದೆ ಎಂದೆ.

ಅವಳನ್ನು ಅತ್ತೆಯಿಂದ ತೊಡೆಗೆ ತೆಗೆದುಕೊಂಡು ಬಾಯಿಗಿಟ್ಟರೆ ಹಸಿವಿನ ಸಿಟ್ಟಿಗೆ ಗಬಗಬ ಎಳೆದು, ಕೆಮ್ಮಿ, ಬಾಯಿ ಬಿಟ್ಟುಬಿಟ್ಟಳು. ಮತ್ತೆ ಇಟ್ಟೆ. ಮತ್ತೆ ಕೆಮ್ಮಿದಳು. ಹುಣಸೆ ಮರದ ಕೆಳಗೆ ಆದದ್ದೇ ಮತ್ತೆ ಆಗುತ್ತಿತ್ತು. ಅತ್ತೆ ಸರಿದು ಹತ್ತಿರ ಬಂದರು.

"ಮಗೀನ ಅಂಗೆ ಅಂಗಾತ ಮಲಗಿಸ್ಕೊಂಡ್ರೆ ಹೆಂಗೆ ಕುಡೀತದೆ? ತಲೆ ಎತ್ತಿ ಹಿಡಿ. ಹಾಂ, ಇಂಗೆ. ಬಾಟ್ಲೀನ ನೆಟ್ಟಗೆ ಕವುಚಬ್ಯಾಡ, ಓರೆ ಮಾಡು. ನಿಪ್ಪಲ್ಲು ತುಂಬ ಹಾಲಿರ್ಬೇಕು, ಗಾಳಿ ಹೋಗಬಾರ್ದು, ಹಾಲೂ ನುಗ್ಗಬಾರ್ದು."

"ನಿಮಗೆ ಹೆಂಗೆ ಗೊತ್ತು ಅತ್ತೆ?"

"ತಾಯಿ ಸತ್ತೋದ ಕುರಿಮರೀಗೆ ಬಾಟ್ಲೀಲೇ ಕುಡಿಸೋದು ಕಣಮ್ಮ. ಅವೂ ಇಂಗೇ, ಹಸಿದಿದ್ರೆ ಕುಡಿಯಕ್ಕೆ ಮೊದ್ಲು ಕೋಪ. ನಾಲ್ಕು ಗುಟುಕು ಕುಡೀಲಿ, ತೆಗಿ. ಉಸ್ರು ಬುಡ್ಲಿ. ಆಮೇಲೆ ಕೊಡು."

ಅವರು ಹೇಳಿದಂತೆ ಹಿಡಿದೆ. ನಾಲ್ಕು ಗುಟುಕು. ತೆಗೆದೆ. ಅವಳು ನನ್ನನ್ನು ನೋಡಿದಳು, ಮತ್ತೆ ಬಾಯಿ ತೆರೆದಳು. ಮತ್ತೆ ನಾಲ್ಕು. ಆಮೇಲೆ ಕೆಮ್ಮು ಬರಲಿಲ್ಲ. ಗುಟಕ್, ಗುಟಕ್ ಎಂಬ ಸದ್ದು ಮಾತ್ರ ಆ ಅಡುಗೆಮನೆಯಲ್ಲಿ ಕೇಳುತ್ತಿತ್ತು. ನೂರಕ್ಕೆ ಇಳಿಯಿತು, ಎಂಬತ್ತು, ಅರವತ್ತು. ಗಂಡ ಪಕ್ಕದಲ್ಲಿ ಮಂಡಿಯೂರಿ ಕೂತು ಗೆರೆಗಳನ್ನು ಓದಿ ಹೇಳುತ್ತಿದ್ದರು. ನಲವತ್ತು ಎಂದಾಗ ಅವಳ ಮುಷ್ಟಿ ಬಿಚ್ಚಿಕೊಂಡು ನನ್ನ ಕಿರುಬೆರಳು ಹಿಡಿದುಕೊಂಡಿತು. ಆಮೇಲಿನ ಗೆರೆಗಳು ನನಗೆ ಸರಿಯಾಗಿ ಕಾಣಲಿಲ್ಲ. ಕಣ್ಣು ಮಂಜಾಗಿತ್ತು.

ಬಾಟಲಿ ಖಾಲಿಯಾಯಿತು. ಅತ್ತೆ ಅವಳನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರು. ಎರಡು ನಿಮಿಷಕ್ಕೆ ದೊಡ್ಡವರ ಹಾಗೆ ಒಂದು ತೇಗು. ಚಾಚಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಗಂಡ ಮೆಟ್ಟಿಲ ಹತ್ತಿರ ಹೋಗಿ "ಕುಡಿದ್ಳು ಚಾಚಾ, ಪೂರಾ ಕುಡಿದ್ಳು" ಎಂದು ಕೂಗಿದರು. ಕೆಳಗೆ ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕ ಸದ್ದು ಕೇಳಿಸಿತು.

ಹೊರಡುವಾಗ ಚಾಚಿ ತಮ್ಮ ಮನೆಯ ಫ್ಲಾಸ್ಕಿಗೆ ಕುದಿಯುವ ನೀರು ತುಂಬಿಸಿ ಕೊಟ್ಟರು. ಅತ್ತೆಯೂ ಅವರೂ ಆಗಲೇ ಶಿರಾ ಸೀಮೆಯ ಮಾತಿಗಿಳಿದಿದ್ದರು, ಎಬ್ಬಿಸಿಕೊಂಡು ಬರುವುದೇ ಕಷ್ಟವಾಯಿತು. ಕಾರಿನಲ್ಲಿ ಕೂತ ಮೇಲೆ ಅತ್ತೆ ನನ್ನ ಕಡೆ ನೋಡದೆ ಹೇಳಿದರು: "ನಮ್ಮನೇಲಿ ಒಂದು ತೊಟ್ಟು ಹಾಲು ನೆಲಕ್ಕೆ ಬಿದ್ರೆ ಮುಟ್ಟಿ ಕಣ್ಣಿಗೆ ಒತ್ಕೊಳ್ಳೋರು. ಅದ್ಕೇ ಮನಸಿಗೆ ಆಗಲಿಲ್ಲ."

"ನನಗೂ ಚೆಲ್ಲೋಕೆ ಮನಸಿರಲಿಲ್ಲ ಅತ್ತೆ."

"ಗೊತ್ತು ಬುಡು. ಮಗೀಗೋಸ್ಕರ ತಾನೆ."

ಪಾವಗಡ ಮುಟ್ಟುವಾಗ ಸಂಜೆಯಾಗಿತ್ತು. ನಮ್ಮ ಬೀದಿಯ ಹೆಂಗಸರು ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಳ್ಳಲು ಬಂದರೆ ಅತ್ತೆ ಹೊಸ್ತಿಲಿಗೆ ಅಡ್ಡ ನಿಂತು "ಮೊದ್ಲು ಕೈ ತೊಳ್ಕೊಂಡು ಬರ್ರಿ" ಎಂದರು.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಯ ಗಡಿಯಾರ ಬಾಟಲಿಯ ಮೇಲೆಯೇ ನಡೆಯಿತು. ಬೆಳಗ್ಗೆ ಬಾಟಲಿ ಕುದಿಸುವುದು ಗಂಡನ ಪಾಲು, ಬೆರೆಸುವುದು ನನ್ನದು, ಕುಡಿಸುವುದು ಹೆಚ್ಚು ಪಾಲು ಅತ್ತೆಯದು. ಚಮಚವನ್ನು ಮಟ್ಟ ಮಾಡಲು ಅವರೂ ಕಲಿತರು, ನನಗಿಂತ ನಿಧಾನವಾಗಿ, ನನಗಿಂತ ಚೆನ್ನಾಗಿ. ಮಿಕ್ಕ ಹಾಲನ್ನು ಮಾತ್ರ ಅವರು ಚರಂಡಿಗೆ ಬಿಡಲಿಲ್ಲ. ಪಕ್ಕದ ಮನೆಯ ಬೆಕ್ಕಿಗೆ ಒಂದು ತೆಂಗಿನ ಚಿಪ್ಪು ಇಟ್ಟರು. ನಮ್ಮ ಮಗಳ ಜೊತೆಗೆ ಬೆಕ್ಕೂ ತೂಕ ಏರಿಸಿಕೊಂಡಿತು. ಮೊದಲ ತಿಂಗಳ ತಪಾಸಣೆಯಲ್ಲಿ ಡಾಕ್ಟರು ತಕ್ಕಡಿಯ ಅಂಕಿ ನೋಡಿ, ಕಾರ್ಡಿನಲ್ಲಿ ಬರೆದು, "ಹಾಲು ಯಾರು ಬೆರೆಸೋದು?" ಎಂದು ಕೇಳಿದರು. ಏನು ತಪ್ಪಾಯಿತೋ ಎಂದು ನಾನು ಹೆದರಿ ಕೈ ಎತ್ತಿದೆ. "ಇದೇ ಥರ ಮಾಡ್ಕೊಂಡು ಹೋಗಿ" ಎಂದರು. ಮನೆಯವರೆಗೂ ನಾನು ನಡೆದೆನೋ ಹಾರಿದೆನೋ ತಿಳಿಯದು.

ಕೊನೆಯ ದತ್ತು ಆದೇಶ ಬಂದದ್ದು ಅವಳು ತೆವಳಲು ಶುರು ಮಾಡಿದ ಮೇಲೆ. ತಾಯಿಯ ಹೆಸರು ಎಂಬಲ್ಲಿ ನನ್ನ ಹೆಸರಿತ್ತು. ಗಂಡ ಅದನ್ನು ಬೀದಿಯಲ್ಲಿ ನಿಂತು ಜೋರಾಗಿ ಓದಿದರು, ಅತ್ತೆ ಇನ್ನೊಂದು ಸಲ ಓದಿಸಿದರು.

ಈಗ ಅವಳಿಗೆ ಮೂರು ವರ್ಷ. ಹಾಲನ್ನು ಸ್ಟೀಲ್ ಲೋಟದಲ್ಲಿ ಕುಡಿಯುತ್ತಾಳೆ. ಕೆನೆ ಒಂದು ಚೂರು ಕಂಡರೂ ಅಜ್ಜಿಯನ್ನು ಕರೆದು ತೋರಿಸಿ, ತೆಗೆಸಿಕೊಂಡು, ಆಮೇಲೆ ಬಾಯಿಗಿಡುತ್ತಾಳೆ.